ಸಂಪಾಜೆಯಲ್ಲಿ ಒಂದು ಹಾಡಿನ ಚೌಕಾಶಿ

ಸಂಪಾಜೆಯ ಟೀ ಅಂಗಡಿ ಮುಂದೆ ಮಡಿಕೇರಿ ಬಸ್ಸು ನಿಂತಿತ್ತು. ನನ್ನ ಪಕ್ಕದ ಸೀಟಿನ ಹುಡುಗಿ ಅಜ್ಜಾವರದವಳು. ಮದುವೆಮನೆಯ ಶೋಭಾನೆ ಧಾಟಿಯಲ್ಲಿ ತನ್ನ ಮನೆಮಾತು ಅರೆಭಾಷೆಯಲ್ಲಿ ಹಾಡು ತಾನೇ ಕಟ್ಟಿ, ಗಿಟಾರ್ ಹಿಡಿದು ದಪ್ಪ ದನಿಯಲ್ಲಿ ಹಾಡುತ್ತಾಳೆ. ಸಂಜೆ ಮಡಿಕೇರಿಯಲ್ಲಿ ಕಾರ್ಯಕ್ರಮ. ಈಗಷ್ಟೇ ಅಲ್ಲಿಯ ಸಂಘಟಕರ ಫೋನು ಬಂದಿತ್ತು: ಸಿನಿಮಾ ಹಾಡು ಮಾತ್ರ ಸಾಕಂತೆ.

“ಈಗ ಎಂತದೂ ಹೇಳ್ಬೇಡ ಮಾರಾಯ್ತಿ. ಹೇಗೂ ಘಾಟಿಯಲ್ಲಿ ಸಿಗ್ನಲ್ ಇಲ್ಲ. ಜನ ಕೂತ ಮೇಲೆ ನಿನ್ನದನ್ನೇ ಹಾಡು,” ಎಂದೆ.

“ಕದ್ದು ಹಾಡಿದ್ರೆ ಸ್ವರ ಹೊರಡುದಿಲ್ಲ ಅಣ್ಣ.” ಅವಳೇ ಫೋನು ಮಾಡಿದಳು. ವಾದ ಮಾಡಿ ಬಂದು, “ನಂದು ಒಂದು ಹಾಡುದಂತೆ, ಒಪ್ಪಿದ್ರು,” ಎಂದಳು.

“ಮೂರು ಕೇಳ್ಬೇಕಿತ್ತು!”

“ಆ ಒಂದು ಯಾವುದು ಅಂತಲೇ ಈಗ ಹೆದರಿಕೆ.”

ಬಸ್ಸು ಘಾಟಿ ಹತ್ತುವಷ್ಟೂ ಹೊತ್ತು ಅವಳು ಒಂದೊಂದು ಹಾಡನ್ನೂ ಗುನುಗಿ ಅರ್ಧಕ್ಕೇ ಬಿಡುತ್ತಿದ್ದಳು.