ಬಳೆಯೊಳಗೆ ತೂರದ ಹಾಕಿ ಸ್ಟಿಕ್ಕು

ಗಂಡಸರು ಜೇಬಿನಲ್ಲಿ ಗಾಜಿನ ಬಳೆ ಇಟ್ಟುಕೊಂಡು ಓಡಾಡುವುದನ್ನು ನೀವು ನೋಡಿದ್ದೀರಾ? ನಾನು ಕಳೆದ ವಾರ ನೋಡಿದೆ. ಅದೂ ಚನ್ನಗಿರಿಯ ನಮ್ಮ ಕಾಲೇಜು ಮೈದಾನದಲ್ಲಿ, ಹಾಕಿ ಫೈನಲ್ ಮ್ಯಾಚಿನ ನಡುವೆ.

ಬಳೆ ತಂದವರು ಜಗಳೂರು ಕಡೆಯ ತಂಡದ ಕೋಚ್ ತಿಪ್ಪೇಸ್ವಾಮಿಯವರು. ಅವರ ಒಂದು ಜೇಬಿನಲ್ಲಿ ಸೀಟಿ, ಇನ್ನೊಂದರಲ್ಲಿ ರೂಲ್ ಬುಕ್ಕು. ನ್ಯಾಮತಿ ಹುಡುಗರ ಜೊತೆ ಆಡುವಾಗ ಕ್ಯಾಪ್ಟನ್ನಿನ ತೋಳಿಗೆ ಪಟ್ಟಿ ಇಲ್ಲವೆಂದು ತಕರಾರು ತೆಗೆದು ಆ ಹುಡುಗರ ತಲೆ ಕೆಡಿಸಿದ್ದರು. ಹೊನ್ನಾಳಿಯವರು ಹೊಡೆದ ಗೋಲನ್ನು ಹೊಡೆದವನ ಬನಿಯನ್ನಿನ ಬಣ್ಣ ಬೇರೆ ಎಂದು ಅಳಿಸಿ ಹಾಕಿಸಿದ್ದರು. ಹೀಗೆ ಆಡಿದ್ದಕ್ಕಿಂತ ಹೆಚ್ಚಾಗಿ ಓದಿಯೇ ಅವರ ತಂಡ ಫೈನಲ್ಲಿಗೆ ಬಂದಿತ್ತು.

ನಮ್ಮ ತಂಡದ ಜೀವ ಹಾಲೇಶ. ಸವಳಂಗದಿಂದ ದಿನಾ ಬಸ್ಸಿಗೆ ಬರುವ ಹುಡುಗ, ಡಿಗ್ರಿಯ ಕೊನೇ ವರ್ಷ. ಯೂನಿವರ್ಸಿಟಿ ಟೀಮಿಗೆ ಆಡಿದವರಿಗೆ ಪೊಲೀಸಿನಲ್ಲೋ ರೈಲ್ವೆಯಲ್ಲೋ ಕೆಲಸದ ದಾರಿ ಸಲೀಸು. ಆ ಟೀಮಿಗೆ ಹುಡುಗರನ್ನು ಆರಿಸಲು ಯೂನಿವರ್ಸಿಟಿಯಿಂದ ಒಬ್ಬ ಸಾಹೇಬರು ಬರುವವರಿದ್ದರು. ಹಾಲೇಶನಿಗೆ ಇದೇ ಕೊನೇ ಅವಕಾಶ.

ಫಸ್ಟ್ ಹಾಫಿನಲ್ಲಿ ಅವನು ಹೊಡೆದ ಗೋಲು ಇದೆಯಲ್ಲ, ಅದಕ್ಕೆ ಹಾಕಿಯ ಗಂಧವಿಲ್ಲದ ಕನ್ನಡ ಮೇಷ್ಟ್ರಾದ ನಾನು ಕೂಡ ಕುರ್ಚಿ ಬಿಟ್ಟು ಎದ್ದೆ. ಆದರೆ ಸಾಹೇಬರು ಇನ್ನೂ ಬಂದಿರಲಿಲ್ಲ. ದಾರಿಯಲ್ಲಿ ಬಸ್ಸು ಪಂಕ್ಚರ್. ಅವರು ಬಂದು ನನ್ನ ಪಕ್ಕ ಕೂರುವುದಕ್ಕೂ ಅರ್ಧ ಆಟ ಮುಗಿಯುವುದಕ್ಕೂ ಸರಿಹೋಯಿತು. (ಅವರಿಗೆ ಟೀ ಕೊಟ್ಟು ಮಾತಾಡಿಸುವುದು ನನ್ನ ಡ್ಯೂಟಿ. ಕನ್ನಡ ಮೇಷ್ಟ್ರಿಗೆ ಬೇರೇನು ಕೆಲಸ?)

ಇರಲಿ, ಇನ್ನರ್ಧ ಇದೆಯಲ್ಲ ಎಂದುಕೊಂಡೆ. ಆಗ ಹೊರಬಂತು ಆ ಬಳೆ.

ತಿಪ್ಪೇಸ್ವಾಮಿಯವರು ಅಂಪೈರ್ ಹತ್ತಿರ ಹೋಗಿ, "ಸ್ಟಿಕ್ಕು ಎರಡಿಂಚಿನ ರಿಂಗಿನೊಳಗೆ ತೂರಬೇಕು ಅಂತ ರೂಲ್ ಐತ್ರಿ. ಈ ಬಳೆ ಎರಡೇ ಇಂಚು, ಸ್ಕೇಲ್ ಇಟ್ಟು ಅಳ್ದು ತಂದೀನಿ. ಆ ಹುಡುಗಂದು ತೂರಿಸಿ ನೋಡ್ರಿ" ಅಂದರು.

ಹಾಲೇಶನ ಸ್ಟಿಕ್ಕು ಪ್ರಾಕ್ಟೀಸಿನಲ್ಲಿ ಬಿರುಕು ಬಿಟ್ಟಿತ್ತು. ಅಂಟು ಮೆತ್ತಿ, ದಾರ ಸುತ್ತಿ, ಮೇಲೆ ಸೈಕಲ್ ಟ್ಯೂಬ್ ಬಿಗಿದಿದ್ದ. ಬಳೆ ಹಿಡಿಯ ಕಡೆಯಿಂದ ಸರಾಗವಾಗಿ ಇಳಿದು, ಟ್ಯೂಬಿನ ಹತ್ತಿರ ನಿಂತೇಬಿಟ್ಟಿತು. ನಮ್ಮ ಬಳಿ ಬೇರೆ ಸ್ಟಿಕ್ಕಿರಲಿಲ್ಲ.

ಜಗಳೂರಿನ ಆಟಗಾರನೊಬ್ಬ ತಾನಾಗಿಯೇ ಬಂದು ತಮ್ಮ ಹೆಚ್ಚುವರಿ ಸ್ಟಿಕ್ಕು ಚಾಚಿದ. "ತಗಳಪ್ಪ, ಇದ್ರಾಗೆ ಆಡು."

ಹಾಲೇಶ ಕೈ ನೀಡಿದ್ದ. ನಡುವೆ ಬಂದವರು ನಮ್ಮದೇ ಕೋಚ್ ಮಲ್ಲೇಶಪ್ಪನವರು. "ಬ್ಯಾಡ. ಕಾನೂನು ಅಂದ್ಮ್ಯಾಲೆ ಕಾನೂನೇ ನಡೀಲಿ. ಎರಡೂ ಕಡೆ ಎಲ್ಲಾ ಸ್ಟಿಕ್ಕೂ ಬಳೆಯೊಳಗೆ ಹೋಗ್ಲಿ, ಆಮೇಲೆ ಆಟ."

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಒಂದೊಂದೇ ಸ್ಟಿಕ್ಕಿಗೆ ಬಳೆ ತೊಡಿಸುವ ಶಾಸ್ತ್ರ ಶುರುವಾಯಿತು. ಪಾಪ, ಗಾಜಿನ ಬಳೆ. ಅರ್ಧಕ್ಕೇ ಒಡೆಯಿತು.

ಇನ್ನೊಂದು ತರಲು ಬಜಾರಿಗೆ ಸೈಕಲ್ ಹೋಯಿತು. ಬಳೆ ಅಂಗಡಿಯ ಅಜ್ಜಿ ಖಡಾಖಂಡಿತ ಹೇಳಿದ್ದಳಂತೆ: "ಇಂಚು ಗಿಂಚು ನಂಗೊತ್ತಿಲ್ಲಪ್ಪ. ಕೈ ಹಿಡ್ದು ನೋಡ್ದಲೆ ಬಳೆ ಕೊಡಾಕೆ ಬರಲ್ಲ. ಯಾರಿಗೆ ಅಂತ ಕರ್ಕಂಬಾ."

ಹೋದವನು ಬರಿಗೈಯಲ್ಲಿ ಬಂದ. ಇಬ್ಬರು ಕೋಚ್‌ಗಳೂ ರೂಲ್ ಬುಕ್ಕಿಗೆ ತಲೆ ತಗ್ಗಿಸಿ ವಾದಿಸುತ್ತಲೇ ಇದ್ದರು. ಮದುವೆ ಮನೆಯಲ್ಲಿ ಬೀಗರು ಉಪಚಾರದ ಲೋಪ ಹುಡುಕುತ್ತಾ ಕೂತರೆ ಮುಹೂರ್ತ ಕಾಯುತ್ತದೆಯೇ? ಹಾಲೇಶ ಗೆರೆಯ ಹೊರಗೆ ನಿಂತು ಒಮ್ಮೆ ಸೂರ್ಯನನ್ನು, ಒಮ್ಮೆ ಸಾಹೇಬರನ್ನು ನೋಡುತ್ತಿದ್ದ. ನಾನು ಇನ್ನೊಂದು ಟೀ ತರಿಸಿ ಸಾಹೇಬರನ್ನು ಹಿಡಿದಿಟ್ಟೆ. ಕುಡಿದರು, ವಾಚು ನೋಡಿದರು, "ಕೊನೇ ಬಸ್ಸು ತಪ್ಪುತ್ತೆ ಮೇಷ್ಟ್ರೇ" ಎಂದು ಎದ್ದು ಹೋದರು.

ಕತ್ತಲಾಯಿತು. ಆಗ ಮಲ್ಲೇಶಪ್ಪನವರು ನಿಧಾನವಾಗಿ ಟೂರ್ನಮೆಂಟಿನ ಷರತ್ತು ತೆಗೆದು ಓದಿದರು. ಬೆಳಕು ಹೋಗಿ ಆಟ ನಿಂತರೆ, ಆ ಹೊತ್ತಿಗೆ ಮುಂದಿದ್ದವರೇ ಗೆದ್ದಂತೆ. ಹಾಲೇಶನ ಆ ಒಂದು ಗೋಲಿನಿಂದ ಮುಂದಿದ್ದವರು ನಾವು. ಅವರು ಇಷ್ಟು ಹೊತ್ತು ಕಾಯುತ್ತಿದ್ದದ್ದು ಬಳೆಗಲ್ಲ, ಕತ್ತಲಿಗೆ.

ತಿಪ್ಪೇಸ್ವಾಮಿಯವರಿಗೆ ಕೋಪ ಬಂತೆಂದುಕೊಂಡಿರಾ? ಇಲ್ಲ. ಮಲ್ಲೇಶಪ್ಪನವರ ಕೈ ಕುಲುಕಿ, "ಈ ಪಾಯಿಂಟು ನಂಗೆ ಹೊಳೀಲೇ ಇಲ್ಲ ನೋಡ್ರಿ" ಎಂದು ಮನಸಾರೆ ಮೆಚ್ಚಿಕೊಂಡರು. ಇಬ್ಬರೂ ಒಟ್ಟಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋದರು.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಸ್ವೀಟು ಹಂಚಿದರು. ಪ್ರಿನ್ಸಿಪಾಲರು ಮಲ್ಲೇಶಪ್ಪನವರಿಗೆ ಹಾರ ಹಾಕಿ, ಇದು ನಮ್ಮ ಹುಡುಗರ ಆಟಕ್ಕೆ ಸಂದ ಜಯ ಎಂದರು. ನಾನೂ ಒಂದು ತುಂಡು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದ ಹಾಲೇಶನಿಗೆ ಕೊಡಲು ಹೋದೆ. "ಕಂಗ್ರಾಟ್ಸ್ ಕಣಯ್ಯ, ಗೆದ್ರಲ್ಲ" ಅಂದೆ.

ಅವನು ಸ್ವೀಟು ಮುಟ್ಟಲಿಲ್ಲ. ಬೇಸರ ತೋರಿಸದೆ, ತಿಳಿಯದ್ದನ್ನು ಕೇಳುವ ವಿದ್ಯಾರ್ಥಿಯ ಮರ್ಯಾದೆಯಿಂದಲೇ ಕೇಳಿದ:

"ಸಾರ್, ಸಾಹೇಬ್ರು ಯಾರ ಆಟ ನೋಡಿ ಹೋದ್ರು?"