ಗುಳಿಗೆ ಕೇಳಿದರ ಹಾಲಿನ ಡಬ್ಬಿ

ಕೋಠಿಯ ಆ ಔಷಧದ ಅಂಗಡಿಯವ ಬೀದರ ಕಡೆಯವ. ಈ ತೆಲುಗರ ಊರಾಗ ಕನ್ನಡ ಮಾತಾಡ್ತಾನಂತ ಅಲ್ಲಿಗೇ ಹೋಗಿದ್ದೆ. ಚೀಟಿ ನೋಡಿದ, ನನ್ನ ಹೆಗಲ ಮ್ಯಾಲಿನ ಕೂಸನ್ನ ನೋಡಿದ, ತಗದಿದ್ದ ಗುಳಿಗೆ ವಾಪಸ್ ಇಟ್ಟ.

"ಅಕ್ಕಾರ, ತಲಿ ಕೆಟ್ಟವರ ಗುಳಿಗೆ ನುಂಗಿ ಕೂಸಿಗೆ ಹಾಲು ಕುಡಸ್ತೀರೇನ್ರಿ? ಮನ್ಯಾಗ ಹಿರ್ಯಾರು ಇಲ್ಲೇನು?"

"ಹಾಲು ಕುಡಸೋದು ಗೊತ್ತಿದ್ದೇ ಡಾಕ್ಟರು ಬರದಾರ. ಗುಳಿಗೆ ನಡುವ ಬಿಡಬ್ಯಾಡಂತನೂ ಹೇಳ್ಯಾರ. ಅವರಿಗೇ ಫೋನ್ ಹಚ್ಚಲೇನು?"

"ಫೋನ್ ಯಾಕ್ರಿ, ಎದಿಹಾಲು ಬಿಡಸ್ರಿ" ಅಂತ ಹಾಲಿನ ಪುಡಿ ಡಬ್ಬಿ ತಂದು ನನ್ನ ಮುಂದ ಕುಕ್ಕಿದ.

ಮೈಯೆಲ್ಲ ಉರದು ಹೋತು. "ನನ್ನ ಗುಳಿಗೆಗೆ ಡಾಕ್ಟರ ಚೀಟಿ ಐತಿ. ನಿನ್ನ ಡಬ್ಬಿಗೆ ಯಾರು ಬರದಾರ, ತೋರಸು!"

ಡಬ್ಬಿ ಸರಿಸಿ ಗುಳಿಗೆ ಕೊಟ್ಟ.

ಈಗ ಹಿಮಾಯತ್‌ನಗರದಾಗ ತೆಲುಗಿನವರ ಅಂಗಡಿಗೆ ಹೋಗ್ತೀನಿ. ಅವರೂ ಉಪದೇಶ ಮಾಡ್ತಿರಬಹುದು. ಪುಣ್ಯಕ್ಕ ನನಗ ತೆಲುಗು ತಿಳಿಯೂದಿಲ್ಲ.