ಫರ್ಹತಳ ಮುಂದಿನ ಮೂವತ್ತು ವರ್ಷ

ಸವಣೂರಿನ ಫರ್ಹತ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವವಳು. ವಯಸ್ಸು ನಲವತ್ತೇಳು. ಊರಿಗೆ ಊರೇ ಉಣ್ಣುವಷ್ಟು ಬಿರಿಯಾನಿ ಬೇಯಿಸಿದರೂ ದಣಿವೆಂದವಳಲ್ಲ. ಆದರೆ ಹೋದ ವರ್ಷ ಬಂಕಾಪುರದಲ್ಲಿದ್ದ ಅವಳ ಅಕ್ಕ ಮರಿಯಮಬಿ ತೀರಿಕೊಂಡಳು. ಕಾಲುಗಳು ಬಾತಿದ್ದವು, ಮಲಗಿದರೆ ಉಸಿರು ಸಿಗದೆ ಗೋಡೆಗೊರಗಿ ಕುಳಿತೇ ದಿನ ಕಳೆದಿದ್ದಳು. ಹೃದಯ ಸೋತಿದೆ ಎಂದಿದ್ದರು ಡಾಕ್ಟರು.

ಅಂದಿನಿಂದ ಫರ್ಹತಳಿಗೆ ಒಳಗೊಳಗೇ ಅಂಜಿಕೆ.

“ಗುಂಡಕಲ್ಲ ಇದ್ದಂಗ ಅದಿ, ನಿನಗೇನಾಗೇತಿ?” ಎಂದು ಗಂಡ ಹಯಾತ ನಕ್ಕ. ಆದರೂ ಅವಳು ತಪಾಸಣೆಗೆ ಹೋದಳು.

ಡಾಕ್ಟರ್ ರಾಜಶ್ರೀ ಬಿಪಿ, ಸಕ್ಕರೆ, ತೂಕ, ಕಿಡ್ನಿಯ ವರದಿ ಎಲ್ಲ ಕಂಪ್ಯೂಟರಿಗೆ ಹಾಕಿ ನೋಡಿದರು.

“ಈಗ ನಿಮ್ಮ ಹೃದಯ ಚಲೋ ಐತ್ರಿ. ಬಿಪಿ ಮತ್ತ ತೂಕ ಜಾಸ್ತಿ ಅದಾವ. ನಿಮ್ಮಂಥ ನೂರು ಮಂದಿ ಇದ್ರ, ಮುಂದಿನ ಮೂವತ್ತು ವರ್ಷದಾಗ ಹದಿನೆಂಟು ಮಂದಿಗೆ ಹೃದಯ ಸೋಲಬಹುದು ಅಂತೈತಿ ಈ ಲೆಕ್ಕ.”

“ಆ ಹದಿನೆಂಟರಾಗ ನಾ ಬರ್ತೇನೇನ್ರಿ?”

“ಅದನ್ನ ಯಾರಿಗೂ ಹೇಳಾಕ ಬರೂದಿಲ್ರಿ.”

“ನಮ್ಮಕ್ಕ ಹೃದಯ ಸೋತು ತೀರಿಕೊಂಡ ಸುದ್ದಿ ಆ ಕಂಪ್ಯೂಟರಿಗೆ ಹೇಳಿರೇನು?”

“ಇಲ್ರಿ,” ಎಂದರು ರಾಜಶ್ರೀ. “ಈ ಲೆಕ್ಕ ಮನೆತನದ ಬ್ಯಾನಿ ಕೇಳೂದಿಲ್ರಿ.”

“ಹಂಗಾರ ನಂದು ಇನ್ನೂ ಜಾಸ್ತಿ ಇರಬೇಕು.”

“ಇರಬಹುದ್ರಿ. ಎಷ್ಟು ಅಂತ ನನಗೂ ಗೊತ್ತಿಲ್ಲ.”

ಗುಳಿಗೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂದರು. ಫರ್ಹತ ಒಂದನ್ನೂ ತಪ್ಪಿಸಲಿಲ್ಲ. ಸಪ್ಪೆ ಉಂಡು ಉಂಡು ಅವಳ ನಾಲಗೆಯೇ ಬದಲಾಯಿತು. ಹತ್ತಿಮತ್ತೂರಿನ ಮದುವೆಯಲ್ಲಿ ಬಿರಿಯಾನಿಗೆ ಉಪ್ಪೇ ಇಲ್ಲವೆಂದು ಬೀಗರು ಮುಖ ಸಿಂಡರಿಸಿದರು. ಆಮೇಲೆ ರುಚಿ ನೋಡುವ ಕೆಲಸ ಹಯಾತನ ಪಾಲಾಯಿತು. ಅವನು ಸರಿ ಎಂದರೆ ಸರಿ. ಅವಳು ಬಾಯಿಗೂ ಹಾಕುತ್ತಿರಲಿಲ್ಲ.

ಬಿಪಿ ಇಳಿಯಿತು. ರಾಜಶ್ರೀ ಮತ್ತೆ ಲೆಕ್ಕ ಮಾಡಿ, ಈಗ ನೂರಕ್ಕೆ ಹದಿಮೂರು ಎಂದು ಸಂತೋಷಪಟ್ಟರು.

ಅದೇ ತಿಂಗಳು ತಡಸದಲ್ಲಿ ಅಡುಗೆ ಇತ್ತು. ಬಿರಿಯಾನಿ ಬೇಯಿಸುವ ದೊಡ್ಡ ಹಂಡೆ, ಡೇಗನ್ನು ಒಲೆಯಿಂದ ಇಳಿಸುವಾಗ ಫರ್ಹತಳಿಗೆ ಉಸಿರು ಹಿಡಿದಂತಾಯಿತು. ಅಲ್ಲೇ ಕುಳಿತುಬಿಟ್ಟಳು.

“ಹೊಗಿ ಹೊಕ್ಕೈತಿ, ನೀರು ಕುಡಿ,” ಎಂದ ಹಯಾತ. ಡೇಗನ್ನು ಹಾಗೇ ಬಿಟ್ಟು ಅವಳ ಪಕ್ಕದಲ್ಲೇ ಕುಳಿತ.

ಮರುದಿನ ಇಸಿಜಿ ಸರಿಯಾಗಿಯೇ ಬಂತು. ಹೊಗೆಯೇ ಇರಬೇಕು, ಇಲ್ಲವೇ ಅಂಜಿಕೆ ಎಂದರು ರಾಜಶ್ರೀ. ಫರ್ಹತ ಹೂಂ ಎಂದಳು.

ಈಗಲೂ ಅವಳು ಮದುವೆ ಅಡುಗೆ ಬಿಟ್ಟಿಲ್ಲ. ಡೇಗು ಇಳಿಸುವಾಗ ಮಾತ್ರ ಬೇರೆಯವರನ್ನು ಕರೆದು, ತಾನು ಎದೆಯ ಮೇಲೆ ಕೈಯಿಟ್ಟು ದೂರ ನಿಲ್ಲುತ್ತಾಳೆ.